ಇಪ್ಪತ್ತೊಂದನೆಯ ಡಬ್ಬ

ಚನ್ನಬಸವಯ್ಯನ ತಕ್ಕಡಿಯನ್ನು ನಂಬುವುದಾದರೆ ಆ ವಿಮಾನದಲ್ಲಿ ಎರಡು ಸಾವಿರದ ಐನೂರ ತೊಂಬತ್ತು ಪೌಂಡು ಭಾರ ಹೆಚ್ಚಿಗೆ ಇತ್ತು. ಅದು ಯಾವುದರ ಭಾರ, ಎಲ್ಲಿಂದ ಬಂತು ಎಂದು ಯಾರಿಗೂ ಗೊತ್ತಿರಲಿಲ್ಲ. ತಕ್ಕಡಿಯನ್ನು ನಂಬುವವನು ಇಡೀ ಕಾರ್ಖಾನೆಯಲ್ಲಿ ಅವನೊಬ್ಬನೇ ಆಗಿದ್ದುದರಿಂದ ಅದನ್ನು ಹುಡುಕುವ ಗೋಜಿಗೂ ಯಾರೂ ಹೋಗಲಿಲ್ಲ.

ಯುದ್ಧದ ಐದನೆಯ ವರ್ಷ. ಬೆಂಗಳೂರಿನ ಪೂರ್ವಕ್ಕಿದ್ದ ವಿಮಾನ ರಿಪೇರಿ ಕಾರ್ಖಾನೆಗೆ ಮುರಿದದ್ದು, ಸುಟ್ಟದ್ದು, ಗುಂಡು ತಿಂದದ್ದು ಎಲ್ಲ ಬರುತ್ತಿದ್ದವು. ಆದರೆ ಹಿಂದಿನ ಮಳೆಗಾಲದಲ್ಲಿ ಮೂರು ರೈಲುಗಳಲ್ಲಿ ತುಂಡುತುಂಡಾಗಿ ಬಂದಿಳಿದ ವಿಮಾನದಂಥದ್ದನ್ನು ಯಾರೂ ನೋಡಿರಲಿಲ್ಲ. ಅದು ಜರ್ಮನರದು. ಜಪಾನಿನವರಿಗೆ ಏನನ್ನೋ ಒಯ್ಯುತ್ತ ದಾರಿ ತಪ್ಪಿ ಕಚ್ಛದ ಉಪ್ಪಿನ ಬಯಲಿನಲ್ಲಿ ಹೊಟ್ಟೆಯ ಮೇಲೆ ಇಳಿದಿತ್ತು. ರೆಕ್ಕೆಗೆ ಮೂರರಂತೆ ಆರು ಎಂಜಿನ್ನು. ಕೆಲಸದವರು ಅದಕ್ಕೆ ಆರುಮೂಗ ಎಂದು ಹೆಸರಿಟ್ಟರು. ಅದನ್ನು ಜೋಡಿಸಿ ನಿಲ್ಲಿಸಲು ಐದು ತಿಂಗಳು ಹಿಡಿಯಿತು.

ಅದರ ಜೊತೆಗೇ ಅಮೆರಿಕದಿಂದ ಮೇಜರ್ ವಿಟ್ಮನ್ ಎಂಬ ಒಣಕಲು ಮನುಷ್ಯನೂ ಬಂದ. ಅವನ ಬಳಿ ಇದ್ದದ್ದು ಒಂದೇ ಪ್ರಶ್ನೆ. ಈ ವಿಮಾನ ಫ್ರಾನ್ಸಿನ ಕಡಲ ಕರೆಯಿಂದ ಎದ್ದು, ಅಟ್ಲಾಂಟಿಕ್ ದಾಟಿ, ನ್ಯೂಯಾರ್ಕಿನ ಮೇಲೆ ಬಾಂಬು ಹಾಕಿ, ಎಲ್ಲೂ ಇಳಿಯದೆ ವಾಪಸು ಹೋಗಬಲ್ಲದೇ? ಹೋಗಿ ಬರುವ ದಾರಿ ಏಳು ಸಾವಿರದ ಇನ್ನೂರು ಮೈಲಿ. ಅಮೆರಿಕದ ದೊಡ್ಡವರಿಗೆ ಈ ಪ್ರಶ್ನೆಯಿಂದ ನಿದ್ದೆ ಹಾರಿತ್ತಂತೆ. ಕಾಗದದ ಮೇಲೆ ಒಬ್ಬ ಆಗುತ್ತದೆ ಎಂದರೆ ಇನ್ನೊಬ್ಬ ಆಗುವುದಿಲ್ಲ ಎನ್ನುತ್ತಿದ್ದ. ಹಾಗಾಗಿ ಹಾರಿಸಿಯೇ ನೋಡಿಬಿಡೋಣ ಎಂದು ಮೇಜರ್ ತೀರ್ಮಾನಿಸಿದ್ದ. ಬೆಂಗಳೂರಿನಿಂದ ಕಲ್ಕತ್ತ, ಅಲ್ಲಿಂದ ಕರಾಚಿ, ಮತ್ತೆ ಬೆಂಗಳೂರು, ಹೀಗೆ ಸುತ್ತಿ ಸುತ್ತಿ ಅಷ್ಟೇ ಮೈಲಿ ಹಾರುವುದು. ಬಾಂಬಿನ ಬದಲು ಮರಳಿನ ಮೂಟೆ. ಅರ್ಧ ದಾರಿಯಲ್ಲಿ ಮೂಟೆಗಳನ್ನು ಕರಾಚಿಯಾಚೆ ಸಮುದ್ರಕ್ಕೆ ಎಸೆಯುವುದು.

ಇದರಲ್ಲಿ ಚನ್ನಬಸವಯ್ಯನ ಪಾಲಿನ ಕೆಲಸ ತೂಗುವುದು. ಅವನ ಅಜ್ಜ, ಅಪ್ಪ ಇಬ್ಬರೂ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ತೂಕದವರು. ಮಾರುವವನೂ ಕೊಳ್ಳುವವನೂ ಜಗಳವಾಡಿ ಕೊನೆಗೆ ಇವರ ಮುಖ ನೋಡುತ್ತಿದ್ದರು. ಚನ್ನಬಸವಯ್ಯ ನಾಲ್ಕನೆಯ ಕ್ಲಾಸಿಗೆ ಶಾಲೆ ಬಿಟ್ಟವನು; ಆದರೆ ಕಾರ್ಖಾನೆ ಸೇರಿದ ಆರು ತಿಂಗಳಿಗೆ, ಯಾವ ವಿಮಾನ ಮೂತಿ ಭಾರ, ಯಾವುದು ಬಾಲ ಭಾರ ಎಂದು ಅದು ನೆಲದ ಮೇಲೆ ಉರುಳುವಾಗಲೇ ಹೇಳುತ್ತಿದ್ದ. ವಿಮಾನದ ಗಾಲಿಗಳನ್ನು ನೆಲಕ್ಕೆ ಹುಗಿದ ಕಬ್ಬಿಣದ ಹಲಗೆ ತಕ್ಕಡಿಗಳ ಮೇಲೆ ನಿಲ್ಲಿಸಿ, ಎಲ್ಲವನ್ನೂ ಕೂಡಿ ಬರೆಯಬೇಕು. ದಿನಾ ಬೆಳಿಗ್ಗೆ ಕಬ್ಬಿಣದ ತೂಕದ ಕಲ್ಲುಗಳನ್ನಿಟ್ಟು ತಕ್ಕಡಿಯನ್ನು ಪರೀಕ್ಷಿಸದೆ ಅವನು ಕಾಫಿ ಕುಡಿದವನಲ್ಲ.

ಪೆಟ್ರೋಲು ತುಂಬುವ ಕೆಲಸಕ್ಕೆ ತನ್ನೂರಿನ ಲಕ್ಕಣ್ಣನನ್ನು ಕರೆಸಿದವನೂ ಅವನೇ. ಲಕ್ಕಣ್ಣ ಗಾಣಿಗ. ಐವತ್ತೈದು ವರ್ಷದ ಮನುಷ್ಯ, ಎಣ್ಣೆ ಅಳೆದು ಅಳೆದು ಬೆರಳೆಲ್ಲ ನುಣುಪು. ಜರ್ಮನರ ಪೆಟ್ರೋಲ್ ಮಟ್ಟ ತೋರಿಸುವ ಮುಳ್ಳುಗಳೆಲ್ಲ ಪುಡಿಯಾಗಿದ್ದುದರಿಂದ ಕೈಯಲ್ಲೇ ಎಣಿಸಿ ಸುರಿಯಬೇಕಾಗಿತ್ತು. ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬ. ವಿಮಾನದೊಳಗೆ ಮೂವತ್ತು ತೊಟ್ಟಿ, ತೊಟ್ಟಿಗೆ ಅರವತ್ತು ಡಬ್ಬ. ಒಟ್ಟು ಸಾವಿರದ ಎಂಟುನೂರು. ಲಕ್ಕಣ್ಣನ ಹದಿನಾರು ಜನ ಸಾಲಾಗಿ ನಿಂತು, ಕೈಯಿಂದ ಕೈಗೆ ಡಬ್ಬ ದಾಟಿಸುತ್ತ, ಮಂಡಿಯಲ್ಲಿ ಎಣಿಸುವಂತೆ ಒಂದಕ್ಕೆ ಒಂದು ಎನ್ನದೆ ಲಾಭ ಎನ್ನುತ್ತ, "ಲಾಭ, ಎರಡು, ಮೂರು" ಎಂದು ಇಪ್ಪತ್ತರ ತನಕ ಕೂಗಿ, ಮತ್ತೆ ಲಾಭದಿಂದ ಶುರುಮಾಡಿ, ಸೂರ್ಯ ಹುಟ್ಟಿದಾಗ ಹಿಡಿದ ಕೆಲಸವನ್ನು ಸಂಜೆಗೆ ಮುಗಿಸಿದರು. ಒಂದು ತೊಟ್ಟೂ ನೆಲಕ್ಕೆ ಬೀಳಲಿಲ್ಲ.

ತುಂಬಿದ ವಿಮಾನವನ್ನು ಮರುದಿನ ತೂಗಿದಾಗಲೇ ಆ ಹೆಚ್ಚಿನ ಭಾರ ಕಂಡದ್ದು. ಜರ್ಮನರ ಪುಸ್ತಕದಲ್ಲಿ ಈ ವಿಮಾನ ಇಷ್ಟಕ್ಕಿಂತ ಒಂದು ಪೌಂಡು ಹೆಚ್ಚು ಹೊರಕೂಡದು ಎಂದು ಒಂದು ಗೆರೆ ಇತ್ತು. ಮೇಜರನ ಲೆಕ್ಕ ಸರಿಯಾಗಿ ಆ ಗೆರೆಗೆ ಬಂದು ನಿಂತಿತ್ತು. ತಕ್ಕಡಿ ಗೆರೆ ದಾಟಿತ್ತು.

ಚನ್ನಬಸವಯ್ಯ ಚೀಟಿ ಹಿಡಿದು ಶೇಷಗಿರಿರಾಯನ ಬಳಿಗೆ ಹೋದ. ಶೇಷಗಿರಿ ಮೇಜರನ ಕೈಕೆಳಗಿನ ಎಂಜಿನಿಯರು, ಇಪ್ಪತ್ತೆಂಟರ ಹುಡುಗ, ಲೆಕ್ಕದಲ್ಲಿ ಚುರುಕು. ಅವನು ಚೀಟಿ ನೋಡಿ, ಇದು ಬಿಸಿಲಿಗೆ ಹಲಗೆ ಕಾದು ಬಂದ ವ್ಯತ್ಯಾಸ ಎಂದ. ಮೋಡ ಮುಚ್ಚಿದ ಮೇಲೆ ಇನ್ನೊಮ್ಮೆ ತೂಗಿ ತಂದರೆ, ರೆಕ್ಕೆಗೆ ಗಾಳಿ ಬಡಿದು ಹೀಗಾಗಿದೆ ಎಂದ. ಗಾಳಿ ನಿಂತ ಮೇಲೆ ಮೂರನೆಯ ಸಲ ತೂಗಿದರೂ ಅದೇ ತೂಕ.

"ಗಾಳಿ ಬಡಿದ್ರೆ ರೆಕ್ಕೆ ಮೇಲೆ ಎತ್ತುತ್ತೆ ರಾಯರೇ, ತೂಕ ಕಮ್ಮಿ ಬರಬೇಕು," ಎಂದ ಚನ್ನಬಸವಯ್ಯ. "ಇದು ಜಾಸ್ತಿ ಬಂದಿದೆ."

"ಅಯ್ಯನವರೇ, ನೂರಕ್ಕೆ ಒಂದೂವರೆ ಪಾಲು ವ್ಯತ್ಯಾಸ. ಅಷ್ಟು ಎಲ್ಲಾ ತಕ್ಕಡೀಲೂ ಇರುತ್ತೆ, ಬಿಡಿ."

"ನನ್ನ ತಕ್ಕಡೀಲಿ ಇರಲ್ಲ."

ಶೇಷಗಿರಿ ನಕ್ಕು, ಕಾಗದದ ಅಂಚಿನಲ್ಲಿ 'ತಕ್ಕಡಿಯ ದೋಷ' ಎಂದು ಬರೆದು ಸಹಿ ಹಾಕಿದ. ಆ ಎರಡು ಪದ ಚನ್ನಬಸವಯ್ಯನಿಗೆ ಕೆನ್ನೆಗೆ ಹೊಡೆದಂತಾಯಿತು. ಮೂರು ತಲೆಮಾರಿನಲ್ಲಿ ಅವರ ಮನೆಯ ತಕ್ಕಡಿಗೆ ಯಾರೂ ಆ ಮಾತು ಅಂದಿರಲಿಲ್ಲ.

ಮರುದಿನ ಸಂಜೆ ಆರುಮೂಗ ಎದ್ದಿತು. ಅದಕ್ಕೆಂದೇ ಉದ್ದ ಮಾಡಿದ್ದ ಓಡುದಾರಿಯ ಕಟ್ಟಕಡೆಯ ಕಲ್ಲಿನವರೆಗೂ ಓಡಿ, ಇನ್ನೇನು ಬೇಲಿಗೆ ಬಡಿಯಿತು ಎನ್ನುವಾಗ ಒಲ್ಲದ ಮನಸ್ಸಿನಿಂದ ಮೇಲೆದ್ದಿತು. ಒಳಗೆ ಆರು ಜನ. ಮೂವತ್ತೇಳು ಗಂಟೆ ಹಾರಿ, ಮೂರನೆಯ ದಿನ ಬೆಳಿಗ್ಗೆ ಇಳಿಯಿತು. ತೊಟ್ಟಿಗಳನ್ನು ಬಸಿದಾಗ ಇನ್ನೂ ನಲವತ್ತು ಡಬ್ಬದಷ್ಟು ಪೆಟ್ರೋಲು ಉಳಿದಿತ್ತು. ಅಂದರೆ ಹೋಗಿ ಬಂದು ಮಿಕ್ಕಿತ್ತು. ಮೇಜರ್ ಶೇಷಗಿರಿಯ ಕೈ ಕುಲುಕಿದ. ಆಗುತ್ತದೆ ಎಂಬ ಉತ್ತರವನ್ನು ಟೈಪು ಮಾಡಲು ಕೊಟ್ಟರು.

ಕಾಫಿ ಕುಡಿಯುತ್ತ ಶೇಷಗಿರಿ ಸಂಭ್ರಮದಲ್ಲಿ ಇನ್ನೊಂದು ಮಾತನ್ನೂ ಹೇಳಿಬಿಟ್ಟ. ಈ ವರದಿ ತಲುಪಿದ ಕೂಡಲೇ ನಮ್ಮ ಪಡುವಣ ಕರಾವಳಿಯ ಬಾತುಗಳನ್ನೆಲ್ಲ ಅಮೆರಿಕದ ಕಾವಲಿಗೆ ಕಳಿಸುತ್ತಾರಂತೆ. ಬಾತು ಎಂದರೆ ನೀರಿನ ಮೇಲೆ ಇಳಿಯುವ ವಿಮಾನ. ಹೊಟ್ಟೆ ದೋಣಿಯಂತೆ, ಇಪ್ಪತ್ತು ಗಂಟೆ ಹಾರುತ್ತದೆ. ಹಡಗು ಮುಳುಗಿದಾಗ ಸಮುದ್ರವನ್ನೆಲ್ಲ ಜಾಲಾಡಿ ಬದುಕಿದವರನ್ನು ಎತ್ತಿಕೊಂಡು ಬರುವುದು ಅದೇ.

ಚನ್ನಬಸವಯ್ಯನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಅವನ ಹೆಂಡತಿ ಹೊನ್ನಮ್ಮನ ತಮ್ಮ ಗುರುಮೂರ್ತಿ ಸರಕು ಹಡಗಿನಲ್ಲಿ ವೈರ್‌ಲೆಸ್ ಆಪರೇಟರು. ಹೋದ ವರ್ಷ ಶತ್ರುಗಳ ಸಬ್‌ಮರೀನು ಅವನ ಹಡಗನ್ನು ಒಡೆದಿತ್ತು. ಎರಡು ದಿನ ಹಲಗೆ ಹಿಡಿದು ತೇಲುತ್ತಿದ್ದವನನ್ನು ಒಂದು ಬಾತು ಕಂಡು ಎತ್ತಿಕೊಂಡಿತ್ತು. ತುಟಿಯೆಲ್ಲ ಉಪ್ಪಿಗೆ ಬಿರಿದು ಮನೆಗೆ ಬಂದು ಮೂರು ತಿಂಗಳು ಅಕ್ಕನ ಕೈಯಡುಗೆ ಉಂಡು, ಎಷ್ಟು ಬೇಡವೆಂದರೂ ಕೇಳದೆ ಮತ್ತೆ ಹಡಗು ಹತ್ತಿದ್ದ. ಬರುವ ತಿಂಗಳು ಮುಂಬಯಿಯಿಂದ ಬಸ್ರಾಕ್ಕೆ ಹೊರಡುವುದಾಗಿ ಕಾಗದ ಬರೆದಿದ್ದ.

ಹಲಸೂರಿನ ಮನೆಯಲ್ಲಿ ಚನ್ನಬಸವಯ್ಯ ಈ ಸುದ್ದಿಯನ್ನು ಮೂರು ದಿನ ಹೊಟ್ಟೆಯಲ್ಲಿಟ್ಟುಕೊಂಡ. ನಾಲ್ಕನೆಯ ದಿನ ಭಾನುವಾರ, ಹೊನ್ನಮ್ಮನೇ ಕೆದಕಿದಳು.

"ಮೂರು ದಿನದಿಂದ ಸಾರಿಗೆ ಉಪ್ಪು ಹಾಕಿದೀನೋ ಇಲ್ವೋ ಅಂತನೂ ಗೊತ್ತಾಗದ ಹಾಗೆ ಉಣ್ತಿದೀರ. ಏನಾಗಿದೆ ಹೇಳಿ."

ಅವನು ಹೇಳಿದ. ವಿಮಾನದ ದೂರದ ಸಂಗತಿಯನ್ನೂ ಅವಳಿಗೆ ತಿಳಿಯುವಂತೆ ಬಿಡಿಸಿದ. ಕಾಲುನಡಿಗೆಯಲ್ಲಿ ಶ್ರೀಶೈಲಕ್ಕೆ ಹೊರಟವನು ಒಂದು ತಿಂಗಳ ಬುತ್ತಿ ಕಟ್ಟಿಕೊಂಡರೆ, ಆ ಬುತ್ತಿಯ ಭಾರಕ್ಕೇ ಹಸಿವು ಹೆಚ್ಚಿ ಅರ್ಧ ಬುತ್ತಿ ದಾರಿಯಲ್ಲೇ ಖರ್ಚಾಗುತ್ತದೆ. ವಿಮಾನವೂ ಹಾಗೆಯೇ. ಪೆಟ್ರೋಲು ಹೊರುವುದಕ್ಕೇ ಪೆಟ್ರೋಲು ಬೇಕು. ಅಷ್ಟು ಭಾರ ಗೆರೆ ದಾಟಿದ ವಿಮಾನ ಲೆಕ್ಕಕ್ಕಿಂತ ಹೆಚ್ಚು ಕುಡಿಯಬೇಕಿತ್ತು. ಕಾಗದದ ಪ್ರಕಾರ ಕಡಿಮೆ ಕುಡಿದು ಬಂದಿದೆ. ಎಲ್ಲೋ ಏನೋ ತಪ್ಪಿದೆ. ಹೇಳಿದರೆ ಕೇಳುವವರಿಲ್ಲ, ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಹೊನ್ನಮ್ಮ ತಮ್ಮನ ವಿಷಯ ಕೇಳಿದ ಮೇಲೆ ಉಳಿದದ್ದನ್ನು ಕಿವಿಗೆ ಹಾಕಿಕೊಂಡಂತೆ ಕಾಣಲಿಲ್ಲ. ಬಾಗಿಲಲ್ಲಿ ಎಣ್ಣೆಯವಳು ಕೂಗಿದಳು. ಹೊನ್ನಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಪಾತ್ರೆ ಹಿಡಿದು ಹೋದಳು. ಎಣ್ಣೆಯವಳು ಎರಡು ಪಾವು ಅಳೆದು ಸುರಿದಳು. ಹೊನ್ನಮ್ಮನ ಪಾತ್ರೆ ಹಿಂದೆ ಸರಿಯಲಿಲ್ಲ. ಎಣ್ಣೆಯವಳು ಇನ್ನೊಂದು ಸೌಟು ಸುರಿದಳು. ಇಬ್ಬರೂ ಮಾತಾಡಲಿಲ್ಲ. ಕೊಸರಿಗೆ ಮಾತೇಕೆ?

ಜಗಲಿಯಲ್ಲಿ ಕೂತಿದ್ದ ಚನ್ನಬಸವಯ್ಯ ಆ ಸೌಟನ್ನೇ ನೋಡುತ್ತಿದ್ದ. ಎದ್ದು ಅಂಗಿ ಹಾಕಿಕೊಂಡು, ಊಟಕ್ಕೆ ಬರುತ್ತೇನೋ ಇಲ್ಲವೋ ಎಂದು ಹೇಳಿ ನಡೆದೇಬಿಟ್ಟ.

ಲಕ್ಕಣ್ಣ ಕಾರ್ಖಾನೆಯ ಹಿಂದೆ ಕೆಲಸದವರ ಮನೆಗಳ ಸಾಲಿನಲ್ಲಿ ಬೇವಿನ ನೆರಳಲ್ಲಿ ಕೂತು ಡಬ್ಬದ ಬೆಸುಗೆಗೆ ಸಾಬೂನು ತಿಕ್ಕುತ್ತಿದ್ದ. ಆ ಡಬ್ಬಗಳು ತೆಳು ತಗಡಿನವು, ಅಂಚಿನಲ್ಲಿ ಸೋರುತ್ತಿದ್ದವು. ಹಾಗೆ ಸೋರಿ ಹೋದೀತೆಂದೇ ಉಗ್ರಾಣದವರು ಇಪ್ಪತ್ತಕ್ಕೆ ಒಂದರಂತೆ ಹೆಚ್ಚು ಡಬ್ಬ ಕೊಡುವುದು ವಾಡಿಕೆ.

"ಲಕ್ಕಣ್ಣ, ಆರುಮೂಗನಿಗೆ ಸುರಿದ ದಿನ ಎಷ್ಟು ಡಬ್ಬ ಸೋರಿತು?"

"ನನ್ನ ಕೈಲಿ ಸೋರೋದುಂಟಾ, ಅಯ್ನೋರೆ?"

"ಮತ್ತೆ ಸೋರಿಕೆ ಬಾಬ್ತು ಕೊಟ್ಟ ತೊಂಬತ್ತು ಡಬ್ಬ?"

ಲಕ್ಕಣ್ಣ ಅವನನ್ನು ಕನಿಕರದಿಂದ ನೋಡಿದ. ತೂಕದವರ ಮನೆಯಲ್ಲಿ ಹುಟ್ಟಿದವನು ಇಂಥದ್ದನ್ನು ಕೇಳುತ್ತಾನಲ್ಲ ಎನ್ನುವ ನೋಟ.

"ಇಪ್ಪತ್ತಕ್ಕೊಂದು ಕೊಸರು. ನಮ್ಮಪ್ಪ ಹಂಗೇ ಅಳೀತಿದ್ದ, ಅವರಪ್ಪ ಹಂಗೇ ಅಳೀತಿದ್ದ."

"ಎಣಿಕೇಲಿ ಯಾಕೆ ಹೇಳಲಿಲ್ಲ?"

"ಎಣಿಸಿಬಿಟ್ರೆ ಅದು ಕೊಸರು ಹೆಂಗಾಗ್ತದೆ?"

ಚನ್ನಬಸವಯ್ಯ ಅಲ್ಲೇ ಕಲ್ಲಿನ ಮೇಲೆ ಕೂತು ಲೆಕ್ಕಕ್ಕಿಳಿದ. ಡಬ್ಬಕ್ಕೆ ಇಪ್ಪತ್ತೊಂಬತ್ತು ಪೌಂಡಿಗೆ ಚೂರು ಕಡಿಮೆ. ತೊಂಬತ್ತು ಡಬ್ಬ. ಬಾಯಲ್ಲೇ ಗುಣಿಸಿದ. ತಕ್ಕಡಿ ತೋರಿಸಿದ್ದ ಭಾರ ಎರಡು ಪೌಂಡಿನ ವ್ಯತ್ಯಾಸದಲ್ಲಿ ಬಂದು ಕೂತಿತು.

ಆ ತೊಂಬತ್ತು ಡಬ್ಬದಿಂದ ವಿಮಾನ ಒಂದು ಗಂಟೆ ಐವತ್ತು ನಿಮಿಷ ಹಾರುತ್ತದೆ. ಇಳಿದಾಗ ಉಳಿದದ್ದು ಒಂದು ಗಂಟೆಯ ಹಾರಾಟಕ್ಕೂ ಸಾಲದು. ಕೊಸರಿಲ್ಲದಿದ್ದರೆ ಆರುಮೂಗ ಮನೆ ಮುಟ್ಟುವ ಒಂದು ಗಂಟೆ ಮುಂಚೆ ಬರಿದಾಗಬೇಕಿತ್ತು. ಇಲ್ಲಿ ಕೆಳಗೆ ನೆಲವಿತ್ತು. ಅಲ್ಲಾದರೆ ಫ್ರಾನ್ಸಿಗೆ ಇನ್ನೂರು ಮೈಲಿ ಇರುವಾಗ ಅಟ್ಲಾಂಟಿಕ್ ನೀರು.

ಬಯ್ಯಲು ಬಾಯಿ ತೆರೆದ. ಲಕ್ಕಣ್ಣನೇ ಮುಂದಾಗಿ ಹೇಳಿದ: "ಕೊಸರಿಲ್ದ ಬಿಗಿಯಳತೆ ಹೆಣದ ಮನೆಗೆ ಮಾತ್ರ ಅಯ್ನೋರೆ. ಆರು ಜನ ತಾಯಿ ಹೆತ್ತ ಮಕ್ಕಳು ಅದರೊಳಗೆ ಕೂತು ಮೇಲೆ ಹೋಗೋರು. ಅವರಿಗೆ ಬಿಗಿಯಳತೆ ಕೊಟ್ಟು ಕಳಿಸ್ಲಾ?"

ಪೆಟ್ರೋಲಿಗೆ ರೇಷನ್ನು ಇದ್ದ ಕಾಲ ಅದು. ಒಂದು ಡಬ್ಬ ಹೊರಗೆ ಹೋದರೆ ಲಾರಿಯವರು ಕಣ್ಣಿಗೆ ಒತ್ತಿಕೊಂಡು ಕೊಳ್ಳುತ್ತಿದ್ದರು. ತೊಂಬತ್ತು ಡಬ್ಬವನ್ನು ಕೈಯಲ್ಲಿಟ್ಟುಕೊಂಡು ಒಂದನ್ನೂ ಮಾರದೆ ವಿಮಾನಕ್ಕೇ ಸುರಿದ ಮನುಷ್ಯ ಇವನು. ಈ ಮಾತನ್ನು ಮಿಲಿಟರಿ ಪೊಲೀಸಿನವರ ಮುಂದೆ ಹೇಳಿದರೆ ನಂಬುವವರು ಯಾರು? ಮಾರಿಕೊಂಡ ಎನ್ನುತ್ತಾರೆ, ಇಲ್ಲವಾದರೆ ಶತ್ರುವಿನ ಕಡೆಯವನು, ಬೇಕೆಂದೇ ಪರೀಕ್ಷೆ ಕೆಡಿಸಿದ ಎನ್ನುತ್ತಾರೆ. ಕರೆತಂದವನು ತಾನೇ. ಹೇಳಿದರೆ ಲಕ್ಕಣ್ಣ ಜೈಲಿಗೆ, ಹೇಳದಿದ್ದರೆ ಬಾತುಗಳು ಅಮೆರಿಕಕ್ಕೆ.

ಮೊದಲು ಹೆಸರು ಹೇಳದೆ ದಾರಿ ಹುಡುಕಿದ. ಸೋಮವಾರ ಮೇಜರನ ಬಾಗಿಲಿಗೆ ಹೋಗಿ ಇನ್ನೊಂದು ಸಲ ಹಾರಿಸಬೇಕು ಎಂದು ಕೇಳಿದ. ಪೆಟ್ರೋಲಿಲ್ಲ, ಹೊತ್ತಿಲ್ಲ ಎಂದರು. ಬೇಡ, ತುಂಬಿ ತೂಗಿಯಾದರೂ ನೋಡೋಣ ಎಂದ. ತಕ್ಕಡಿಯೇ ಸರಿಯಿಲ್ಲವಲ್ಲ ಎಂದರು. ತಕ್ಕಡಿಯನ್ನು ಬಿಚ್ಚಿ, ತೊಳೆದು, ಜೋಡಿಸಿ, ಕಲ್ಲಿಟ್ಟು ತೋರಿಸುತ್ತೇನೆಂದ. ಆ ಕಲ್ಲುಗಳು ಸರಿಯಿವೆ ಎಂಬುದಕ್ಕೇನು ಗ್ಯಾರಂಟಿ ಎಂದು ಮೇಜರ್ ಕೇಳಿದನಂತೆ. ಶೇಷಗಿರಿ ಅದನ್ನು ಕನ್ನಡಕ್ಕೆ ತಿರುಗಿಸುವಾಗ ಅವನಿಗೇ ನಾಚಿಕೆಯಾಯಿತು. ಚನ್ನಬಸವಯ್ಯ ಹೊರಗೆ ಬಂದು ಕಂಬಕ್ಕೆ ಒರಗಿ, ಎಲೆಯಡಿಕೆಯನ್ನು ಜಗಿಯದೆ ಉಗುಳಿದ.

ಅಲ್ಲಿಂದ ಅವನನ್ನು ಕಾಲು ಆರುಮೂಗನ ಷೆಡ್ಡಿನ ಕಡೆಗೇ ಎಳೆಯಿತು. ರೆಕ್ಕೆಯ ಬುಡದಲ್ಲಿ ರಿವೆಟ್ಟು ಬಡಿಯುವವರು ತಗಡು ಬಿಚ್ಚಿ ಕೂತಿದ್ದರು. ಪಕ್ಕದಲ್ಲಿ ಒಂದು ಮಂಕರಿ ತುಂಬ ತಲೆ ಹಾರಿದ ರಿವೆಟ್ಟು. ಹಾರಿ ಬಂದ ಮೇಲೆ ರೆಕ್ಕೆಬುಡದ ರಿವೆಟ್ಟುಗಳೆಲ್ಲ ಸಡಿಲಾಗಿ ಇನ್ನೂರು ಮುನ್ನೂರು ಮುರಿದಿವೆ, ಜರ್ಮನರ ಹಳೇ ಮಾಲು ಎಂದು ಅವರು ಗೊಣಗುತ್ತಿದ್ದರು. ಚನ್ನಬಸವಯ್ಯ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿದ. ಮುರಿದ ಜಾಗ ಹೊಸ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹಳೆಯದಾದರೆ ಕಪ್ಪಾಗಿರಬೇಕು. ಇದು ಮೊನ್ನೆ ಮುರಿದದ್ದು. ಎತ್ತಿಗೆ ಮೀರಿದ ಹೇರು ಹೇರಿದರೆ ಹೊತ್ತು ನಡೆಯುತ್ತದೆ, ಊರು ತಲುಪಿದ ಮೇಲೆ ಕಾಲು ಮಡಚುತ್ತದೆ.

ಒಂದು ಹಿಡಿ ರಿವೆಟ್ಟನ್ನು ಜೇಬಿಗೆ ಸುರಿದುಕೊಂಡು ಶೇಷಗಿರಿಯ ಮುಂದೆ ಹೋಗಿ ಎಲ್ಲವನ್ನೂ ಹೇಳಿದ, ಲಕ್ಕಣ್ಣನ ಹೆಸರೊಂದನ್ನು ಬಿಟ್ಟು. ಶೇಷಗಿರಿ ಅರ್ಧ ಗಂಟೆ ಲೆಕ್ಕ ಹಾಕಿದ. ಆಮೇಲೆ ಕನ್ನಡಕ ತೆಗೆದಿಟ್ಟ. ವರದಿ ಟೈಪಾಗಿದೆ, ನಾಳೆ ಹೋಗುತ್ತದೆ, ಮೇಜರಿಗೆ ಯಾರು ಹೇಳುವುದು ಎಂದ. ಅವನೇ ಬರೆದ 'ತಕ್ಕಡಿಯ ದೋಷ' ಆ ವರದಿಯ ಮೂರನೆಯ ಪುಟದಲ್ಲಿತ್ತು.

ಸಂಜೆ ಚನ್ನಬಸವಯ್ಯ ಲಕ್ಕಣ್ಣನ ಮುಂದೆ ಹೋಗಿ ಇದ್ದದ್ದನ್ನು ಇದ್ದಹಾಗೆ ಹೇಳಿದ. ಕಣ್ಣೆದುರೇ ಸುರಿದು ತೋರಿಸದೆ ಮೇಜರ್ ನಂಬುವುದಿಲ್ಲ ಎಂದ, ಜೈಲಿನ ಮಾತನ್ನೂ ಮುಚ್ಚಿಡಲಿಲ್ಲ.

"ನಾಳೆ ದೊರೆ ಮುಂದೆ ಒಂದು ತೊಟ್ಟಿ ಸುರಿದು ತೋರಿಸ್ಬೇಕು, ಅಷ್ಟೇ ಅಲ್ವಾ?" ಎಂದ ಲಕ್ಕಣ್ಣ.

"ಆಮೇಲೆ ಏನು ಮಾಡ್ತಾರೋ ನನಗೆ ಗೊತ್ತಿಲ್ಲ."

"ಅಳತೆ ತೋರ್ಸೋಕೆ ನಾಚಿಕೊಂಡ ಗಾಣಿಗ ಇನ್ನೂ ಹುಟ್ಟಿಲ್ಲ ಬಿಡಿ."

ಮರುದಿನ ಬೆಳಿಗ್ಗೆ, ಶೇಷಗಿರಿ ಏನು ಹೇಳಿ ಒಪ್ಪಿಸಿದನೋ, ಮೇಜರ್ ಬಂದು ರೆಕ್ಕೆಯ ಕೆಳಗೆ ನಿಂತ. ಕೈಯಲ್ಲೊಂದು ನೋಟ್‌ಬುಕ್ಕು. ಒಂದು ತೊಟ್ಟಿ, ಅರವತ್ತು ಡಬ್ಬ ಎಂದು ಹುಕುಮಾಯಿತು. ಹದಿನಾರು ಜನ ಸಾಲು ನಿಂತರು. ಲಕ್ಕಣ್ಣ ಏಣಿಯ ಮೇಲೆ ಲಾಳಿಕೆ ಹಿಡಿದ. "ಲಾಭ, ಎರಡು, ಮೂರು..." ಮೇಜರ್ ಡಬ್ಬಕ್ಕೊಂದು ಗೆರೆ ಎಳೆದ. ಇಪ್ಪತ್ತು ಎಂದು ಕೂಗಿದ ಮೇಲೆ ಒಂದು ಡಬ್ಬ ಮಾತಿಲ್ಲದೆ ಮೇಲೆ ಹೋಯಿತು, ಖಾಲಿಯಾಗಿ ಕೆಳಗೆ ಬಂತು. ಮತ್ತೆ ಲಾಭ.

ಮುಗಿದಾಗ ಲಕ್ಕಣ್ಣ ಅರವತ್ತು ಎಂದ. ಮೇಜರನ ಪುಸ್ತಕದಲ್ಲಿ ಅರವತ್ತಮೂರು ಗೆರೆ. ಅವನು ಗೆರೆಗಳನ್ನು ಎರಡು ಸಲ ಎಣಿಸಿದ. ಖಾಲಿ ಡಬ್ಬಗಳನ್ನು ಕಾಲಲ್ಲಿ ಒಂದೊಂದಾಗಿ ತಳ್ಳಿ ಎಣಿಸಿದ. ಅವನ ಕತ್ತು ಕೆಂಪಾಯಿತು. ಶೇಷಗಿರಿ ಸೋರಿಕೆಯ ಬಾಬ್ತನ್ನೂ ಕೊಸರನ್ನೂ ವಿವರಿಸುವಷ್ಟರಲ್ಲಿ ಬೆವತುಹೋದ. ಮೇಜರ್ ಕೇಳಿದ ಮೊದಲ ಪ್ರಶ್ನೆ ಎಲ್ಲರೂ ಅಂಜಿದ್ದೇ. ಈ ಮನುಷ್ಯ ಎಷ್ಟು ಡಬ್ಬ ಮಾರಿಕೊಂಡಿದ್ದಾನೆ?

ಶೇಷಗಿರಿ ತಿರುಗಿಸಿ ಹೇಳಿದೊಡನೆ ಲಕ್ಕಣ್ಣ ಏಣಿಯ ಮೇಲಿಂದಲೇ ಉತ್ತರ ಕೊಟ್ಟ. "ಮಾರಿದ್ರೆ ವಿಮಾನ ಅಷ್ಟು ಹೆಂಗೆ ತೂಗ್ತಿತ್ತು? ಅಯ್ನೋರ ತಕ್ಕಡೀನೇ ಕೇಳ್ಲಿ."

ಚನ್ನಬಸವಯ್ಯ ಆ ದಿನದ ಚೀಟಿಯನ್ನು ಮುಂದಿಟ್ಟ. ಮೂರು ಸಲದ ತೂಕ. ತೊಂಬತ್ತು ಡಬ್ಬದ ಭಾರ. ಒಂದು ಡಬ್ಬ ಕೂಡ ಹೊರಗೆ ಹೋಗಿರಲಿಲ್ಲ. ಮೇಜರ್ ಆ ಚೀಟಿಯನ್ನು ನೋಡಿ, ಪೆನ್ನು ತೆಗೆದು, 'ತಕ್ಕಡಿಯ ದೋಷ' ಎಂದಿದ್ದ ಕಡೆ ತಾನೇ ಅಡ್ಡಗೆರೆ ಎಳೆದ. ಆಮೇಲೆ, ಮೂರ್ಖನಲ್ಲದ್ದರಿಂದ, ಕೇಳಬೇಕಾದದ್ದನ್ನೇ ಕೇಳಿದ. ಈ ಹೆಚ್ಚಿನ ಪೆಟ್ರೋಲು ಹೊತ್ತು ವಿಮಾನ ಹಾರಿತಲ್ಲ, ಜರ್ಮನರೂ ಹೀಗೆ ತುಂಬಿದರೆ?

ಚನ್ನಬಸವಯ್ಯ ಜೇಬಿನಿಂದ ಮುರಿದ ರಿವೆಟ್ಟುಗಳನ್ನು ಅವನ ಪುಸ್ತಕದ ಮೇಲೆ ಸುರಿದ.

"ಹೇಳಿ ರಾಯರೇ. ಕೊಸರಿಲ್ದೆ ಹೋದ್ರೆ ನೀರಿಗೆ ಬೀಳುತ್ತೆ. ಕೊಸರು ಹೊತ್ಕೊಂಡು ಹೋದ್ರೆ ಮನೆ ಸೇರುತ್ತೆ, ಆದ್ರೆ ಇನ್ನೊಂದು ಸಲ ಏಳಲ್ಲ. ಒಂದು ವಿಮಾನಕ್ಕೆ ಒಂದೇ ಸಲ."

ಮೇಜರ್ ಹೊಸ ವರದಿ ಬರೆದ. ಶೇಷಗಿರಿ ಓದಿ ಹೇಳಿದ ಪ್ರಕಾರ ಅದರಲ್ಲಿ ಎರಡು ವಾಕ್ಯ ಮುಖ್ಯ. ಒಂದು, ಒಮ್ಮೆ ಮಾತ್ರ ಸಾಧ್ಯ. ಎರಡು, ಮತ್ತೆ ಮತ್ತೆ ದಾಳಿ ಮಾಡುವುದು ಸಾಧ್ಯವಿಲ್ಲ. ಆದ್ದರಿಂದ ಕರಾವಳಿಯ ಬಾತುಗಳನ್ನು ಅಲ್ಲಾಡಿಸುವ ಅಗತ್ಯವಿಲ್ಲ. ಲಕ್ಕಣ್ಣನಿಗೆ ಶಿಕ್ಷೆಯಾಗಲಿಲ್ಲ. ಪೆಟ್ರೋಲು ತುಂಬುವ ಜಾಗಕ್ಕೆ ಒಂದು ಸೂಚನೆಯ ಹಲಗೆ ಬಂತು. 'ಎಣಿಕೆಯ ಡಬ್ಬಕ್ಕಿಂತ ಒಂದೂ ಹೆಚ್ಚು ಸುರಿಯಕೂಡದು.' ಅದನ್ನು ನೋಡಿಕೊಳ್ಳುವ ಜವಾಬ್ದಾರಿ ಚನ್ನಬಸವಯ್ಯನದು. ಅಂದಿನಿಂದ ಡಬ್ಬದ ಸಾಲಿನಲ್ಲಿ ಹಾಡು ತಮಾಷೆ ನಿಂತವು. ಲಕ್ಕಣ್ಣ ಇಪ್ಪತ್ತಕ್ಕೆ ಕೈ ತಡೆದು, ಶವದ ಮನೆಯ ಕೆಲಸ ಮಾಡಿದವನಂತೆ ಇಳಿದು ಬಂದು ಕೈ ತೊಳೆಯುತ್ತಿದ್ದ. ಚನ್ನಬಸವಯ್ಯನನ್ನು ಕಂಡರೆ ಅಯ್ನೋರೆ ಎನ್ನುವುದನ್ನೂ ಬಿಟ್ಟ.

ಮನೆಯಲ್ಲಿ ಹೊನ್ನಮ್ಮ ದಿನಾ ಉತ್ತರ ಬಂತೇ ಎಂದು ಕೇಳುತ್ತಿದ್ದಳು. ಮೂರು ವಾರವಾಯಿತು. ಗುರುಮೂರ್ತಿ ಹೊರಡುವುದು ಬರುವ ಗುರುವಾರ ಎಂದು ಕಾಗದ ಬಂತು. ಅದಾದ ಮರುದಿನ ಅಮೆರಿಕದ ಉತ್ತರವೂ ಬಂತು.

ಮೇಜರ್ ಚನ್ನಬಸವಯ್ಯನನ್ನೂ ಶೇಷಗಿರಿಯನ್ನೂ ಕರೆದು ತಂತಿಯ ಕಾಗದವನ್ನು ಶೇಷಗಿರಿಯ ಕೈಗೆ ಕೊಟ್ಟ. ಶೇಷಗಿರಿ ಓದಿದ, ತಿರುಗಿಸಿ ಹೇಳಲು ತಡವರಿಸಿದ. ಒಮ್ಮೆ ಸಾಧ್ಯವೆಂದು ತಿಳಿಸಿದ್ದೀರಿ. ಒಮ್ಮೆ ಎಂದರೂ ಸಾಕು. ಹನ್ನೆರಡು ನೀರುವಿಮಾನಗಳನ್ನು ಕೂಡಲೇ ಕಳಿಸಿ.

"ಎರಡನೇ ವಾಕ್ಯ ಓದಲಿಲ್ವಾ ಅವರು?"

"ಓದಿರಲ್ಲ, ಅಯ್ಯನವರೇ."

ಇಷ್ಟೆಲ್ಲ ಮಾಡಿ ಇದೇ ಆಗಬೇಕಿತ್ತೇ? ಸರಿಯಾದ ತೂಕ ತೂಗಿ, ಒಬ್ಬ ಒಳ್ಳೆಯ ಮನುಷ್ಯನನ್ನು ದೊರೆಯ ಮುಂದೆ ಏಣಿ ಹತ್ತಿಸಿ, ಅವನ ಸ್ನೇಹವನ್ನೂ ಕಳೆದುಕೊಂಡು, ಕೊನೆಗೆ ಹೆದರಿದವನ ಕಿವಿಗೆ ಬಿದ್ದದ್ದು ತನಗೆ ಬೇಕಾದ ಅರ್ಧ ಮಾತು. ಮಂಡಿಯಲ್ಲಾದರೆ ತಕ್ಕಡಿ ನಿಂತ ಮೇಲೆ ಮಾತು ಮುಗಿಯುತ್ತಿತ್ತು. ಇಲ್ಲಿ ತಕ್ಕಡಿ ನಿಂತ ಮೇಲೂ ಕೊಳ್ಳುವವನು ತಾನು ಅಂದುಕೊಂಡದ್ದನ್ನೇ ಬರೆದುಕೊಂಡು ಹೋದ. ಚನ್ನಬಸವಯ್ಯ ಕೈ ಮುಗಿದು ಬಾಗಿಲ ಕಡೆ ತಿರುಗಿದ.

ಮೇಜರ್ ಹಿಂದಿನಿಂದ ಏನೋ ಕೇಳಿದ. ಶೇಷಗಿರಿ ಅದನ್ನು ತಿರುಗಿಸಿದ. ಹನ್ನೆರಡು ಎಂದು ಬರೆದಿರುವುದು ಕರಾವಳಿಯಲ್ಲಿರುವ ಬಾತುಗಳನ್ನು ಎಣಿಸಿ. ರಿಪೇರಿಗೆಂದು ಬಂದು ಬೆಳ್ಳಂದೂರು ಕೆರೆಯಲ್ಲಿ ತೇಲುತ್ತಿರುವ ಇನ್ನೊಂದು ಬಾತು ಯಾವ ಪಟ್ಟಿಯಲ್ಲೂ ಬಂದಿಲ್ಲ. ಎಣಿಕೆಗೆ ಬಾರದ್ದಕ್ಕೆ ಆ ಏಣಿಯ ಮುದುಕ ಏನೋ ಒಂದು ಹೆಸರು ಹೇಳಿದ್ದನಲ್ಲ?

"ಕೊಸರು," ಎಂದ ಚನ್ನಬಸವಯ್ಯ.

ಮೇಜರ್ ಆ ಪದವನ್ನು ಬಾಯಲ್ಲಿ ತಿರುಚಿ ಒಮ್ಮೆ ಹೇಳಿ, ಹನ್ನೆರಡಕ್ಕೆ ಸಹಿ ಹಾಕಿದ. ಹದಿಮೂರನೆಯದರ ಮಾತೆತ್ತಲಿಲ್ಲ.

ಹೊನ್ನಮ್ಮನಿಗೆ ಸಮಾಧಾನವಾಗಲಿಲ್ಲ. "ಅಷ್ಟು ದೊಡ್ಡ ಸಮುದ್ರಕ್ಕೆ ಒಂದೇನಾ?" ಎಂದಳು. ಬುತ್ತಿಗೆ ರೊಟ್ಟಿ ಕಟ್ಟಿ ಕೊಡುವಾಗ, ಅದಾದರೂ ಸ್ವಲ್ಪ ಹೆಚ್ಚು ಹೊತ್ತು ಹುಡುಕಲಿ ಎಂದು ಹೇಳಿ ಎಂದಳು, ಯಾರಿಗೆ ಹೇಳಬೇಕೆಂದು ಹೇಳದೆ.

ಬುಧವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಡಬ್ಬದ ಸಾಲು ನಿಂತಿತು. ಮಂಜು ಇನ್ನೂ ನೀರಿನ ಮೇಲಿತ್ತು. ಬಾತು ಹಗ್ಗಕ್ಕೆ ಕಟ್ಟಿದ ಹಸುವಿನಂತೆ ಅಲ್ಲಾಡುತ್ತ ನಿಂತಿತ್ತು. ಸಂಜೆಯೊಳಗೆ ಅದು ಕರಾವಳಿಯಲ್ಲಿರಬೇಕು, ನಾಳೆಯಿಂದ ಕಾವಲು. ಲಕ್ಕಣ್ಣ ರೆಕ್ಕೆಯ ಮೇಲೆ ಲಾಳಿಕೆ ಹಿಡಿದು ಕೂತಿದ್ದ. ಚನ್ನಬಸವಯ್ಯ ಕೆಳಗೆ ನೀರಿಗೆ ಹಾಸಿದ್ದ ಹಲಗೆಯ ಮೇಲೆ ನಿಂತು ಎಣಿಕೆ ನೋಡುತ್ತಿದ್ದ. ಈ ಬಾತಿನ ಮೂಳೆ ಗಟ್ಟಿ, ಪುಸ್ತಕದ ಗೆರೆಗೂ ಇವತ್ತಿನ ಹೇರಿಗೂ ನಡುವೆ ಬೇಕಾದಷ್ಟು ಜಾಗವಿದೆ ಎಂದು ಹಿಂದಿನ ದಿನವೇ ಕೂತು ಕೂಡಿ ಕಳೆದು ನೋಡಿದ್ದ. ನೀರಿನ ಮೇಲಿರುವುದನ್ನು ತೂಗುವ ತಕ್ಕಡಿಯಂತೂ ಯಾರಲ್ಲೂ ಇರಲಿಲ್ಲ.

"ಹತ್ತೊಂಬತ್ತು. ಇಪ್ಪತ್ತು."

ಲಕ್ಕಣ್ಣ ಕೈ ತಡೆದ. ಸಾಲಿನಲ್ಲಿ ಹದಿನಾರು ಜನವೂ ನಿಂತರು. ದಂಡೆಯ ಮೇಲೆ ನೆಟ್ಟಿದ್ದ ಸೂಚನೆಯ ಹಲಗೆಯನ್ನು ಯಾರೂ ನೋಡಲಿಲ್ಲ. ಎಲ್ಲರೂ ನೋಡಿದ್ದು ಚನ್ನಬಸವಯ್ಯನ ಮುಖವನ್ನು.

ಚನ್ನಬಸವಯ್ಯ ಕಾಗದವನ್ನು ಮಡಚಿ ಜೇಬಿಗಿಟ್ಟ. ಬಾಗಿ, ಪಕ್ಕದಲ್ಲಿದ್ದ ಒಂದು ಡಬ್ಬವನ್ನು ಎರಡು ಕೈಯಲ್ಲಿ ಎತ್ತಿ, ಮಾತಾಡದೆ ಮೇಲಕ್ಕೆ ಚಾಚಿದ. ಲಕ್ಕಣ್ಣ ಕೆಳಗೆ ಬಗ್ಗಿ ಅದನ್ನು ಹಿಡಿದುಕೊಂಡ. ಕೊನೆಯ ತೊಟ್ಟು ಇಳಿಯುವ ತನಕ ಲಾಳಿಕೆಯ ಮೇಲೆ ಬೋರಲು ಹಿಡಿದಿದ್ದು, ಖಾಲಿ ಡಬ್ಬವನ್ನು ವಾಪಸು ಕೊಟ್ಟ.

"ಹಿಡೀರಿ, ಅಯ್ನೋರೆ," ಎಂದ. ಆಮೇಲೆ ಕೆರೆಯಾಚೆಗೂ ಕೇಳುವಂತೆ ಮತ್ತೆ ಎಣಿಕೆ ಶುರುಮಾಡಿದ.

"ಲಾಭ."